ಎರಡು ವಾರದ ಪ್ರವಾಸ, ಒಂದು ನೋಟ್‌ಬುಕ್: ಕ್ಷೇತ್ರಕಾರ್ಯದ ಮೊದಲ ಪಾಠ

ಅಧ್ಯಯನ ಪ್ರವಾಸಕ್ಕೆಂದು ಬೇರೆ ದೇಶಕ್ಕೆ ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಎರಡು ವಾರದಲ್ಲಿ ಎಥ್ನೋಗ್ರಫಿ, ಅಂದರೆ ಜನರ ನಡುವೆಯೇ ಇದ್ದು ಅವರ ಬದುಕನ್ನು ಅರಿತು ಬರೆಯುವ ಕೆಲಸ, ಮುಗಿಯುವುದಿಲ್ಲ. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1915ರಿಂದ 1918ರ ನಡುವೆ ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಿಗೆ ಎರಡು ಸಲ ಹೋಗಿ, ಒಟ್ಟು ಸುಮಾರು ಎರಡು ವರ್ಷ ಇದ್ದರು. ಊರಲ್ಲೇ ಡೇರೆ ಹಾಕಿದರು, ಅಲ್ಲಿಯ ಭಾಷೆ ಕಲಿತರು. ನಮಗೆ ಅಷ್ಟು ಪುರಸೊತ್ತು ಇಲ್ಲ. ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯುವುದನ್ನಾದರೂ ಕಲಿತು ಬರಬಹುದು.

ಇದು ಸುಲಭ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಎರಡನೇ ದಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕೂತು ನೋಡಿ ಬರೆಯಲು ಹೇಳಿದ್ದರು. ನಾನು ಬರೆದೆ: 'ವಯಸ್ಸಾದ ಹೆಂಗಸು ಕೋಪದಿಂದ ಬೆಂಚಿನ ಮೇಲೆ ಬ್ಯಾಗ್ ಕುಕ್ಕಿದರು.' ಮೇಷ್ಟ್ರು ಓದಿ ಕೇಳಿದ್ದು ಒಂದೇ ಪ್ರಶ್ನೆ: 'ಕೋಪ ಎಲ್ಲಿ ಕಾಣಿಸಿತು?' ಉತ್ತರ ನನ್ನ ಹತ್ತಿರ ಇರಲಿಲ್ಲ. ತಿದ್ದಿ ಬರೆದೆ: 'ಬ್ಯಾಗನ್ನು ಪಕ್ಕದ ಜಾಗದಲ್ಲಿ ಇಟ್ಟರು, ಸದ್ದಾಯಿತು. ಎರಡು ಸಲ ರಸ್ತೆ ಕಡೆ ನೋಡಿದರು.' ಮೂರು ದಿನ ಬಿಟ್ಟು ಅದೇ ಹೊತ್ತಿಗೆ ಹೋಗಿ ಕೂತೆ. ಬ್ಯಾಗ್ ಮತ್ತೆ ಅದೇ ಜಾಗದಲ್ಲಿ. ಸ್ವಲ್ಪ ಹೊತ್ತಿಗೆ ಅವರ ಗೆಳತಿ ಬಂದರು, ಇವರು ಬ್ಯಾಗ್ ಎತ್ತಿ ಮಡಿಲಲ್ಲಿಟ್ಟುಕೊಂಡರು. ಕೋಪವೂ ಇಲ್ಲ, ಏನೂ ಇಲ್ಲ. ಜಾಗ ಹಿಡಿದಿದ್ದರು ಅಷ್ಟೇ.

ಅಂದಿನಿಂದ ನೋಟ್‌ಬುಕ್ಕಿನ ಪುಟದ ನಡುವೆ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ಕಂಡದ್ದು, ಕೇಳಿದ್ದು. ಬಲಕ್ಕೆ ನನ್ನ ಊಹೆ. ಸ್ಥಳದಲ್ಲಿ ಬರೆಯುವುದು ಬರೀ ತುಂಡು ಪದಗಳು. ಪೂರ್ತಿ ಟಿಪ್ಪಣಿ ಅದೇ ರಾತ್ರಿ, ಮಲಗುವ ಮುಂಚೆ. ನಾಳೆ ಬರೆದರಾಯ್ತು ಅಂದುಕೊಂಡರೆ ಕೆಟ್ಟಿರಿ: ಜನ ಆಡಿದ ಮಾತು ಮರೆತು ಅದರ ಸಾರಾಂಶ ಮಾತ್ರ ಉಳಿದಿರುತ್ತದೆ.

ನಿಮ್ಮ ಬೇಸರ, ಸುಸ್ತು, ಸಿಟ್ಟಿಗೆ ಬೇರೆ ಡೈರಿ ಇರಲಿ. ಮಲಿನೋವ್‌ಸ್ಕಿಯೂ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ, 1967ರಲ್ಲಿ ಅದು ಅಚ್ಚಾದಾಗ ದೊಡ್ಡ ಗದ್ದಲವೇ ಆಯಿತು. ತಾವು ಅಧ್ಯಯನ ಮಾಡುತ್ತಿದ್ದ ಜನರ ಮೇಲೇ ಅದರಲ್ಲಿ ರೇಗಿದ್ದರು. ನನ್ನ ಡೈರಿ ತಿರುವಿದಾಗ ಒಂದು ವಿಷಯ ಗೊತ್ತಾಯಿತು: ನಾನು ನಿದ್ದೆಗೆಟ್ಟ ದಿನಗಳಲ್ಲೇ ಊರಿನ ಜನ 'ಒರಟಾಗಿ' ಕಂಡಿದ್ದರು.

ಸಂದರ್ಶನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಯಾಕೆ' ಅಂತ ಕೇಳಿದರೆ ಜನ ಸಮರ್ಥನೆ ಕೊಡುತ್ತಾರೆ. 'ಹೋದ ಸಲ ಏನಾಯ್ತು, ಹೇಳಿ' ಅಂದರೆ ಕಥೆ ಬರುತ್ತದೆ. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ. ಮಧ್ಯದಲ್ಲಿ ಬೇಡ ಅಂದರೆ ಸುಮ್ನೆ ನಿಲ್ಲಿಸಿ, ಕಾರಣ ಕೇಳಬೇಡಿ. ದುಭಾಷಿ ಇದ್ದರೆ ಮುಖ್ಯ ಪದಗಳನ್ನು ಮೂಲ ಭಾಷೆಯಲ್ಲೇ ಬರೆಸಿಕೊಳ್ಳಿ.

ಕೊನೆಯದು ಪ್ರತಿಗಳ ವಿಷಯ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಶುರುಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಕೂತು ಅಚ್ಚುಕಟ್ಟು ಮಾಡಿಕೊಂಡಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕಟ್ಟಡಕ್ಕೆ ಬೆಂಕಿ ಹಚ್ಚಲಾಯಿತು. ಆ ಟಿಪ್ಪಣಿಗಳ ಮೂರೂ ಪ್ರತಿಗಳು ಅಲ್ಲೇ ಇದ್ದವು. ಆಮೇಲೆ ಅವರು ಬಹುಪಾಲು ನೆನಪಿನಿಂದಲೇ ಪುಸ್ತಕ ಬರೆದರು. ಆ ನೆನಪಿನ ಶಕ್ತಿ ನನಗಂತೂ ಇಲ್ಲ. ಹಾಗಾಗಿ ದಿನಾ ರಾತ್ರಿ ಪುಟಗಳ ಫೋಟೊ ತೆಗೆದು ಬೇರೊಂದು ಕಡೆ ಉಳಿಸುತ್ತೇನೆ. ಟಿಪ್ಪಣಿಯಲ್ಲಿ ಯಾರ ನಿಜ ಹೆಸರೂ ಇರುವುದಿಲ್ಲ, ಬರೀ ಸಂಕೇತ. ಯಾವ ಸಂಕೇತ ಯಾರದ್ದು ಅನ್ನುವ ಪಟ್ಟಿ ಆ ಫೋಟೊಗಳ ಜೊತೆ ಹೋಗುವುದಿಲ್ಲ.