ಮೀಟರ್ ತಪ್ಪು ತೋರಿಸಿದಾಗ ಮೊದಲು ಅರ್ಥ್ ನೋಡಿ: ಬೈಕಿನ ವಿದ್ಯುತ್ ದೋಷ ಪತ್ತೆಯ ಟಿಪ್ಪಣಿ

ಡಿಜಿಟಲ್ ಮೀಟರ್ ಇರುವ ಬೈಕಿನಲ್ಲಿ ಪೆಟ್ರೋಲಿನ ಗೆರೆಗಳು ಸುಮ್ಮಸುಮ್ಮನೆ ಏರಿಳಿಯುವುದು, ಗಡಿಯಾರ ಪದೇಪದೇ ಮೊದಲಿನಿಂದ ಶುರುವಾಗುವುದು, ಸೆಲ್ಫ್ ಒತ್ತಿದ ಕೂಡಲೇ ಪರದೆ ಆರಿ ಮತ್ತೆ ಹೊತ್ತಿಕೊಳ್ಳುವುದು ಇವೆಲ್ಲ ನೋಡುವವರ ಕಣ್ಣಿಗೆ ಮೀಟರಿನದೇ ದೋಷವಾಗಿ ಕಾಣುತ್ತವೆ. ಆದರೆ ಎಷ್ಟೋ ಸಲ ಮೀಟರ್ ತನಗೆ ಬಂದ ವೋಲ್ಟೇಜನ್ನು ಇದ್ದ ಹಾಗೆಯೇ ಓದುತ್ತಿರುತ್ತದೆ. ಕೊರತೆ ಇರುವುದು ಆ ವೋಲ್ಟೇಜ್ ಬರುವ ದಾರಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಕರೆಂಟ್ ಬ್ಯಾಟರಿಗೆ ಮರಳುವ ದಾರಿಯಲ್ಲಿ, ಅಂದರೆ ಅರ್ಥ್‌ನಲ್ಲಿ. ಸಾವಿರಾರು ರೂಪಾಯಿಯ ಮೀಟರನ್ನು ಬದಲಿಸುವ ಮೊದಲು ಈ ಎರಡು ದಾರಿಗಳನ್ನು ಅಳೆದು ನೋಡುವುದು ಹೇಗೆ ಎಂಬುದೇ ಈ ಟಿಪ್ಪಣಿಯ ವಿಷಯ.

ಅಳತೆ ಬ್ಯಾಟರಿಯಿಂದಲೇ ಆರಂಭವಾಗಬೇಕು. ಗಾಡಿಯನ್ನು ಕೆಲವು ಗಂಟೆ ನಿಲ್ಲಿಸಿದ ಮೇಲೆ, ತುಂಬಿದ ಲೆಡ್-ಆಸಿಡ್ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸುತ್ತದೆ, 12.0ಕ್ಕೆ ಇಳಿದಿದ್ದರೆ ಅದು ಬಹುಮಟ್ಟಿಗೆ ಖಾಲಿಯಾಗಿದೆ ಎಂದೇ ಅರ್ಥ. ಸೆಲ್ಫ್ ಒತ್ತಿದಾಗ ವೋಲ್ಟೇಜ್ 10ಕ್ಕಿಂತ ಬಹಳ ಕೆಳಗೆ ಕುಸಿದರೆ ಪರದೆ ಆರುವುದು ಸಹಜ, ಅಲ್ಲಿ ಮೀಟರಿನ ತಪ್ಪೇನೂ ಇಲ್ಲ. ಎಂಜಿನ್ ಮಧ್ಯಮ ವೇಗದಲ್ಲಿ ಓಡುತ್ತಿರುವಾಗ 13.5ರಿಂದ 14.5 ವೋಲ್ಟ್ ಇರಬೇಕು. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿರುವ ಸಾಧ್ಯತೆ ಹೆಚ್ಚು, ಮತ್ತು ಆ ಸ್ಥಿತಿಯಲ್ಲಿ ಗಾಡಿಯನ್ನು ಓಡಿಸುತ್ತ ಹೋದರೆ ಬಲ್ಬುಗಳ ಜೊತೆಗೆ ಮೀಟರೂ ಸುಡಬಹುದು. ವೋಲ್ಟೇಜ್ ಏರದೇ ಹೋದರೆ ಸ್ಟೇಟರಿನಿಂದ (ಎಂಜಿನ್ನಿನೊಳಗೆ ವಿದ್ಯುತ್ ಹುಟ್ಟಿಸುವ ಸುರುಳಿಗಳಿಂದ) ಬರುವ ಮೂರು ತಂತಿಗಳ ಕಪ್ಲರನ್ನು, ಅಂದರೆ ತಂತಿಗಳನ್ನು ಜೋಡಿಸುವ ಪ್ಲಗ್ಗನ್ನು, ಬಿಚ್ಚಿ, ಎಂಜಿನ್ ಓಡುವಾಗ ಎರಡೆರಡು ತಂತಿಗಳ ನಡುವಿನ ಎ.ಸಿ. ವೋಲ್ಟೇಜನ್ನು ಅಳೆಯಬೇಕು: ಮೂರು ಜೋಡಿಗಳಲ್ಲೂ ಅದು ಹೆಚ್ಚುಕಡಿಮೆ ಸಮನಾಗಿರಬೇಕು, ವೇಗದ ಜೊತೆಗೆ ಏರಬೇಕು. ಎಂಜಿನ್ ನಿಲ್ಲಿಸಿ ನೋಡಿದಾಗ ಈ ಮೂರರಲ್ಲಿ ಯಾವ ತಂತಿಯೂ ಎಂಜಿನ್ನಿನ ಲೋಹಕ್ಕೆ ಕಂಟಿನ್ಯುಯಿಟಿ (ಕರೆಂಟ್ ಹರಿಯಬಲ್ಲ ಸಂಪರ್ಕ) ತೋರಿಸಬಾರದು. ನಮ್ಮ ದೇಶದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಉರಿಯುವಂತಾಗಿದೆ; ಚಾರ್ಜಿಂಗ್ ಸ್ವಲ್ಪ ಸೊರಗಿದರೂ ಬ್ಯಾಟರಿ ಬೇಗ ಡೌನ್ ಆಗಲು ಇದೂ ಒಂದು ಕಾರಣ.

ಇನ್ನು ಕಲಿಯುವವರು ಹೆಚ್ಚಾಗಿ ಎಡವುವ ಜಾಗ. ಮೀಟರಿನ ಕಪ್ಲರನ್ನು ಬಿಚ್ಚಿ, ವೈರಿಂಗ್ ಕಿಟ್ಟಿನ (ಗಾಡಿಯ ತಂತಿಗಳ ಕಟ್ಟಿನ) ತುದಿಯಲ್ಲಿ 12.6 ವೋಲ್ಟ್ ಕಂಡು, ‘ಸಪ್ಲೈ ಸರಿಯಿದೆ’ ಎಂದು ಬರೆದುಕೊಳ್ಳುತ್ತೇವೆ. ಆ ಅಳತೆ ಹೆಚ್ಚೇನನ್ನೂ ಹೇಳುವುದಿಲ್ಲ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳಗಿನ ಪ್ರತಿರೋಧ ಸುಮಾರು 1 ಕೋಟಿ ಓಮ್ ಇರುವುದರಿಂದ ಅದರ ಮೂಲಕ ಹರಿಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಹತ್ತಾರು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ, ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿದ್ದರೂ ಅದು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಕೊರತೆ ಹೊರಬೀಳುವುದು ಲೋಡ್ (ಬಲ್ಬಿನಂಥ ಕರೆಂಟ್ ಬಳಸುವ ಭಾಗ) ಮೂಲಕ ಕರೆಂಟ್ ಹರಿದಾಗ ಮಾತ್ರ. ಆದ್ದರಿಂದ ಕಪ್ಲರನ್ನು ಬಿಚ್ಚದೆ, ಲೈಟುಗಳನ್ನು ಹಾಕಿಟ್ಟು, ಕಪ್ಲರಿನ ಹಿಂಬದಿಯಿಂದ ತೆಳು ಪಿನ್ ತೂರಿಸಿ ಅಳೆಯುವ ಅಭ್ಯಾಸ ಮಾಡಿಕೊಳ್ಳಬೇಕು.

ನಾನು ಅಭ್ಯಾಸಕ್ಕೆ ಇಟ್ಟುಕೊಂಡ ಹಳೆಯ ಬೈಕಿನಲ್ಲಿ ಇಂಡಿಕೇಟರ್ ಮಿಣುಕಿದಾಗಲೆಲ್ಲ ಪೆಟ್ರೋಲಿನ ಮುಳ್ಳು ಅದೇ ತಾಳಕ್ಕೆ ಅಲುಗುತ್ತಿತ್ತು. ಬ್ಯಾಟರಿ ಚೆನ್ನಾಗಿತ್ತು, ಮೀಟರಿಗೆ ಬರುವ ಪಾಸಿಟಿವ್ ಕೂಡ ಸರಿಯಾಗಿತ್ತು. ಮಲ್ಟಿಮೀಟರಿನ ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ಕೆಂಪನ್ನು ಮೀಟರಿನ ಅರ್ಥ್ ತಂತಿಗೂ ಇಟ್ಟಾಗ, 0.2 ವೋಲ್ಟಿನೊಳಗೆ ಇರಬೇಕಾದದ್ದು ಹೆಡ್‌ಲೈಟ್ ಉರಿಯುವಾಗ 0.8ರ ಆಸುಪಾಸಿನಲ್ಲಿತ್ತು, ಇಂಡಿಕೇಟರ್ ಹೊತ್ತಿದ ಪ್ರತಿಸಲವೂ 1 ವೋಲ್ಟ್ ದಾಟುತ್ತಿತ್ತು. ಲೆಕ್ಕ ಸರಳವಾಗಿದೆ. 35 ವ್ಯಾಟಿನ ಹೆಡ್‌ಲೈಟ್ ಸುಮಾರು 2.8 ಆಂಪಿಯರ್ ಎಳೆಯುತ್ತದೆ, ಮುಂಬದಿಯ 10 ವ್ಯಾಟಿನ ಇಂಡಿಕೇಟರ್ ಬಲ್ಬ್ ಇನ್ನೊಂದು 0.8 ಆಂಪಿಯರ್. ಇವೆಲ್ಲ ಸೇರುವ ಒಂದೇ ಅರ್ಥ್ ಬಿಂದುವಿನಲ್ಲಿ 0.3 ಓಮ್ ಪ್ರತಿರೋಧ ಹುಟ್ಟಿಕೊಂಡರೆ ಅಲ್ಲಿ ಮೊದಲು 0.84, ಆಮೇಲೆ 1.08 ವೋಲ್ಟ್ ಬೀಳುತ್ತದೆ. ಮೀಟರ್ ಮಾತ್ರವೇ ಆ ಬಿಂದುವನ್ನು ಬಳಸಿದ್ದರೆ, ಅದು ಎಳೆಯುವ ಅಲ್ಪ ಕರೆಂಟಿಗೆ ಈ ದೋಷ ಗೊತ್ತೇ ಆಗುತ್ತಿರಲಿಲ್ಲ. ಪೆಟ್ರೋಲ್ ಟ್ಯಾಂಕಿನ ಫ್ಲೋಟ್ (ಮಟ್ಟವನ್ನು ಮೀಟರಿಗೆ ತಿಳಿಸುವ ತೇಲುವ ಭಾಗ) ಗಾಡಿಯ ಹಿಂಬದಿಯಲ್ಲಿ ಬೇರೆ ಕಡೆ ಅರ್ಥ್ ಆಗಿದ್ದು, ಮೀಟರಿನ ಅರ್ಥ್ ಮಾತ್ರ ಇಂಡಿಕೇಟರಿನ ಜೊತೆ ಏರಿಳಿಯುತ್ತಿದ್ದುದರಿಂದ ಎರಡರ ನಡುವಿನ ವ್ಯತ್ಯಾಸ ಮುಳ್ಳಿನ ಅಲುಗಾಟವಾಗಿ ಕಾಣುತ್ತಿತ್ತು. ಚಾಸಿಗೆ ಕೂರುವ ರಿಂಗ್ ಟರ್ಮಿನಲ್ಲನ್ನು ಬಿಚ್ಚಿ, ಅದರ ಕಿಲುಬನ್ನೂ ಅದರಡಿಯ ತುಕ್ಕನ್ನೂ ಉಜ್ಜುಕಾಗದದಿಂದ ತೆಗೆದು, ಬಿಗಿಯಾಗಿ ಕೂರಿಸಿ, ಮೇಲೆ ಗ್ರೀಸ್ ಸವರಿದ ಮೇಲೆ ಅದೇ ಅಳತೆ 0.1 ವೋಲ್ಟಿಗೆ ಇಳಿಯಿತು.

ಕರಾವಳಿಯ ಉಪ್ಪುಗಾಳಿಯಲ್ಲೂ ಮಲೆನಾಡಿನ ಉದ್ದನೆಯ ಮಳೆಗಾಲದಲ್ಲೂ ಓಡುವ ಗಾಡಿಗಳಲ್ಲಿ ಇಂಥ ಕಿಲುಬು ಬೇಗ ಕಟ್ಟುತ್ತದೆ. ವಾಟರ್ ಸರ್ವಿಸಿನಲ್ಲಿ ರಭಸದ ನೀರನ್ನು ನೇರವಾಗಿ ಹೆಡ್‌ಲೈಟಿನ ಹಿಂಬದಿಗೆ ಹಾಯಿಸುವುದನ್ನು ತಡೆದರೆ ಅರ್ಧ ತೊಂದರೆ ತಪ್ಪುತ್ತದೆ ಎಂಬುದು ನನ್ನ ನಂಬಿಕೆ. ಹ್ಯಾಂಡಲ್ ತಿರುಗುವ ಜಾಗದಲ್ಲಿ ತಂತಿಗಳು ಪ್ರತಿದಿನ ನೂರಾರು ಸಲ ಬಾಗುವುದರಿಂದ, ಹೊರಗಿನ ಕವಚ ಚೆನ್ನಾಗಿದ್ದೂ ಒಳಗೆ ಎಳೆಗಳು ತುಂಡಾಗಿರಬಹುದು. ವೋಲ್ಟ್‌ಮೀಟರನ್ನು ಜೋಡಿಸಿಟ್ಟು ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಅಂಕಿ ಜಿಗಿದರೆ ತುಂಡಾದ ಜಾಗ ಅಲ್ಲಿಯೇ ಇದೆ.

ಗಡಿಯಾರದ ತೊಂದರೆಯ ಬಗೆ ಬೇರೆ. ಸಾಮಾನ್ಯವಾಗಿ ಡಿಜಿಟಲ್ ಮೀಟರಿಗೆ ಎರಡು ಪಾಸಿಟಿವ್ ತಂತಿಗಳು ಬರುತ್ತವೆ: ಒಂದು ಕೀ ಹಾಕಿದಾಗ ಮಾತ್ರ ಜೀವಂತವಾಗುವುದು, ಇನ್ನೊಂದು ಫ್ಯೂಸಿನ ಮೂಲಕ ಬ್ಯಾಟರಿಯಿಂದ ಸದಾ ಬರುವುದು. ಕೀ ತೆಗೆದಾಗಲೆಲ್ಲ ಗಡಿಯಾರ ಅಳಿಸಿಹೋಗಿ, ಉಳಿದದ್ದೆಲ್ಲ ಸರಿಯಾಗಿದ್ದರೆ ಎರಡನೆಯದರ ಫ್ಯೂಸನ್ನೋ ಕಪ್ಲರನ್ನೋ ನೋಡಬೇಕು.

ವೇಗ ತೋರಿಸದ ಮೀಟರಿನಲ್ಲಿ, ಮೂರು ತಂತಿಯ ಹಾಲ್ ಸೆನ್ಸರ್ (ಚಕ್ರ ತಿರುಗುವುದನ್ನು ಕಾಂತಕ್ಷೇತ್ರದ ಮೂಲಕ ಗ್ರಹಿಸುವ ಭಾಗ) ಇದ್ದರೆ, ಮೊದಲು ಅದಕ್ಕೆ ಸಪ್ಲೈ ಮತ್ತು ಅರ್ಥ್ ಸಿಗುತ್ತಿದೆಯೇ ಎಂದು ನೋಡಿ, ಆಮೇಲೆ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಮೂರನೆಯ ತಂತಿಯನ್ನು ಅಳೆಯಬೇಕು. ವೋಲ್ಟೇಜ್ ಸೊನ್ನೆಯ ಹತ್ತಿರಕ್ಕೂ ಮೇಲಕ್ಕೂ ಜಿಗಿಯುತ್ತಿದ್ದರೆ ಸೆನ್ಸರ್ ಕೆಲಸ ಮಾಡುತ್ತಿದೆ. ಪೆಟ್ರೋಲಿನ ಮಟ್ಟ ತಪ್ಪಾಗಿ ಕಾಣುತ್ತಿದ್ದರೆ ಟ್ಯಾಂಕಿನ ಫ್ಲೋಟನ್ನು ಹೊರಗೆ ತೆಗೆದು, ಪೆಟ್ರೋಲಿನಿಂದ ದೂರದಲ್ಲಿ, ಅದರ ತೋಳನ್ನು ಮೆಲ್ಲಗೆ ಎತ್ತಿ ಇಳಿಸುತ್ತ ಓಮ್ ಅಳೆಯಬೇಕು. ಅಂಕಿ ನಡುವೆ ಎಲ್ಲೂ ಕಡಿಯದೆ ಬದಲಾಗಬೇಕು.

ಮೀಟರಿನದೇ ದೋಷವೆಂದು ಧೈರ್ಯವಾಗಿ ಹೇಳಬಹುದಾದ ಲಕ್ಷಣಗಳು ಕೆಲವೇ ಇವೆ. ಅಂಕಿಯ ಒಂದೆರಡು ಗೆರೆಗಳು ಮಾತ್ರ ಕಾಣದಿದ್ದರೆ ಅದು ವೈರಿಂಗಿನಿಂದ ಆಗುವುದಲ್ಲ, ಹಲವು ಎಲ್.ಸಿ.ಡಿ.ಗಳಲ್ಲಿ ಗಾಜನ್ನು ಸರ್ಕ್ಯೂಟ್ ಬೋರ್ಡಿಗೆ ಸೇರಿಸುವ ವಾಹಕ ರಬ್ಬರ್ ಪಟ್ಟಿಯ ಹಿಡಿತ ಸಡಿಲವಾದಾಗ ಹೀಗಾಗುತ್ತದೆ. ಕಡುಬಿಸಿಲಿನಲ್ಲಿ ನಿಂತ ಬೈಕಿನ ಪರದೆ ಕಪ್ಪಾಗಿ, ನೆರಳಿನಲ್ಲಿ ತಣ್ಣಗಾದ ಮೇಲೆ ಸರಿಹೋದರೆ ಅದು ದ್ರವ ಸ್ಫಟಿಕದ ಸ್ವಭಾವ, ಗಾಬರಿ ಬೇಡ.

ಎಚ್ಚರಿಕೆಯ ದೀಪಗಳಲ್ಲಿ ಎ.ಬಿ.ಎಸ್. (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಕೀ ಹಾಕಿದಾಗ ಉರಿದು ಗಾಡಿ ಚಲಿಸಿದ ಮೇಲೆ ಆರುವುದು ಸರಿಯಾದ ನಡತೆಯೇ ಹೊರತು ದೋಷವಲ್ಲ. ಕ್ಯಾನ್ ಜಾಲವಿರುವ (ಮೀಟರ್, ಎಂಜಿನ್ ಮುಂತಾದವುಗಳ ನಿಯಂತ್ರಕಗಳು ಎರಡು ತಂತಿಗಳ ಮೂಲಕ ಮಾಹಿತಿ ಹಂಚಿಕೊಳ್ಳುವ) ಬೈಕುಗಳಲ್ಲಿ ಒಂದೇ ಸಲಕ್ಕೆ ಹಲವು ದೀಪಗಳು ಹೊತ್ತಿ, ವೇಗ ಮತ್ತು ಎಂಜಿನ್ನಿನ ಸುತ್ತುಗಳೆರಡೂ ಮಾಯವಾದರೆ ಸೆನ್ಸರುಗಳನ್ನು ಒಂದೊಂದಾಗಿ ಶಂಕಿಸುವ ಮೊದಲು ಆ ಜಾಲದ ಎರಡು ಹೆಣೆದ ತಂತಿಗಳನ್ನು ನೋಡಬೇಕು. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಅವುಗಳ ನಡುವೆ ಅಳೆದಾಗ, ಎರಡು ತುದಿಯ 120 ಓಮಿನ ಪ್ರತಿರೋಧಕಗಳು ಸಮಾಂತರವಾಗಿರುವುದರಿಂದ, ಸುಮಾರು 60 ಓಮ್ ಸಿಗಬೇಕು. 120 ಸಿಕ್ಕರೆ ಒಂದು ತುದಿ ಕಳಚಿದೆ, ಸೊನ್ನೆಯ ಹತ್ತಿರ ಸಿಕ್ಕರೆ ಎರಡೂ ತಂತಿಗಳು ಎಲ್ಲೋ ಒಂದಕ್ಕೊಂದು ತಾಗಿವೆ.