ಯಂತ್ರಕ್ಕೆ ಆಟ ತೋರಿಸುವುದು: ವಿಡಿಯೊ ವಿಂಗಡಣೆ ನಡೆದು ಬಂದ ದಾರಿ

ಉಡುಪಿ, ಮಂಗಳೂರು ಆಸುಪಾಸಿನಲ್ಲಿ ಈಗ ಎದುರಿಗೆ ಕ್ಯಾಮೆರಾ ನಿಲ್ಲಿಸದ ಯಕ್ಷಗಾನದ ರಂಗಸ್ಥಳ ಅಪರೂಪ. ರಾತ್ರಿಯಿಡೀ ಎಂಟು ಗಂಟೆ ನಡೆಯುವ ಒಂದು ಆಟವನ್ನು, ಅಂದರೆ ಯಕ್ಷಗಾನ ಪ್ರದರ್ಶನವನ್ನು, ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಚಿತ್ರೀಕರಿಸಿದರೆ 7,20,000 ಚಿತ್ರಗಳಾಗುತ್ತವೆ. ಯೂಟ್ಯೂಬಿಗೆ ಏರಿಸುವಾಗ ಮೇಳದ ಹೆಸರು, ಪ್ರಸಂಗದ ಹೆಸರು ಬರೆಯುತ್ತಾರೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶ ಯಾವ ನಿಮಿಷಕ್ಕೆ, ಇಂಥ ಪದ್ಯ ಎಲ್ಲಿ ಎಂಬುದು ಮಾತ್ರ ಪೂರ್ತಿ ಕುಳಿತು ನೋಡಿದವರಿಗಷ್ಟೇ ಗೊತ್ತು. ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುವ ಆಸೆ ಸಹಜವೇ ಆದರೂ, ಆ ವಿದ್ಯೆ ಬೆಳೆದದ್ದು ಬೇರೆ ಬಗೆಯ ವಿಡಿಯೊಗಳ ಮೇಲೆ.

1990ರ ದಶಕದ ಸಂಶೋಧಕರ ಮುಂದಿದ್ದದ್ದು ಟಿವಿ ಸುದ್ದಿ ಮತ್ತು ಸಿನಿಮಾ. ಒಂದು ಫ್ರೇಮಿನ ಬಣ್ಣಗಳ ಹಂಚಿಕೆಯನ್ನು ಮುಂದಿನದರೊಂದಿಗೆ ಹೋಲಿಸಿ, ವ್ಯತ್ಯಾಸ ಥಟ್ಟನೆ ಹೆಚ್ಚಿದಲ್ಲಿ ದೃಶ್ಯ ಬದಲಾಯಿತೆಂದು ಗುರುತು ಹಾಕುವುದು ಆಗಿನ ಮುಖ್ಯ ಉಪಾಯವಾಗಿತ್ತು. 1994ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇನ್ಫರ್ಮೀಡಿಯಾ ಯೋಜನೆ ಇದರೊಂದಿಗೆ ಮಾತನ್ನು ಅಕ್ಷರಕ್ಕಿಳಿಸುವ ತಂತ್ರವನ್ನೂ ಸೇರಿಸಿತು. 2001ರಿಂದ ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ ಇಂಥ ವಿಧಾನಗಳನ್ನು ಒಂದೇ ವಿಡಿಯೊ ಸಂಗ್ರಹದ ಮೇಲೆ ಪರೀಕ್ಷಿಸತೊಡಗಿತು. ಆಟಕ್ಕೆ ಈ ಉಪಾಯ ಒಗ್ಗುವುದಿಲ್ಲ. ಒಂದೇ ಕಡೆ ನಿಂತ ಕ್ಯಾಮೆರಾದಲ್ಲಿ ಕಟ್, ಅಂದರೆ ಒಂದು ದೃಶ್ಯದಿಂದ ಇನ್ನೊಂದಕ್ಕೆ ಜಿಗಿತ, ಎಂಬುದೇ ಇರುವುದಿಲ್ಲ. ಮಹಿಷಾಸುರನ ಪ್ರವೇಶದಲ್ಲಿ ದೊಂದಿಗೆ ರಾಳದ ಪುಡಿ ಎರಚಿದಾಗಲೆಲ್ಲ ಹೊಳಪು ಏರಿ, ಇಲ್ಲದ ಕಟ್‌ಗಳು ಯಂತ್ರಕ್ಕೆ ಕಾಣಿಸಿಯಾವು.

ಮುಂದಿನ ಹಂತದಲ್ಲಿ ಬದಲಾವಣೆಯನ್ನು ಗುರುತಿಸಿದರೆ ಸಾಲದು, ಕಂಡದ್ದಕ್ಕೆ ಹೆಸರಿಡಬೇಕಾಯಿತು. 2004ರಲ್ಲಿ ಸ್ವೀಡನ್ನಿನ ಕೆಟಿಎಚ್ ಸಂಸ್ಥೆಯ ಸಂಗ್ರಹದಲ್ಲಿದ್ದದ್ದು ನಡಿಗೆ, ಓಟ, ಚಪ್ಪಾಳೆಯಂಥ ಆರೇ ಕ್ರಿಯೆಗಳು. 2012ರ ಹೊತ್ತಿಗೆ ನ್ಯೂರಲ್ ನೆಟ್‌ವರ್ಕ್‌ಗಳು (ಉದಾಹರಣೆಗಳಿಂದ ತಾವೇ ಕಲಿಯುವ ಲೆಕ್ಕದ ಜಾಲಗಳು) ಸ್ಥಿರಚಿತ್ರಗಳನ್ನು ಗುರುತಿಸುವುದರಲ್ಲಿ ಗೆದ್ದ ಮೇಲೆ, 2014ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಯೂಟ್ಯೂಬ್ ವಿಡಿಯೊಗಳಿಂದ 487 ಕ್ರೀಡೆಗಳನ್ನು ಕಲಿಸಲಾಯಿತು. ಆ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸುವುದು ಅದರ ಗಾತ್ರವಲ್ಲ. ಚಲನೆಯನ್ನು ಗಮನಿಸದೆ ಬಿಡಿ ಫ್ರೇಮುಗಳನ್ನಷ್ಟೇ ನೋಡಿದ ಮಾದರಿಯೂ ಚಲನೆ ಕಲಿತ ಮಾದರಿಗೆ ಬಹುತೇಕ ಸರಿಗಟ್ಟಿತು, ಏಕೆಂದರೆ ಈಜುಕೊಳ ಕಂಡರೆ ಅದು ಈಜು ಎನ್ನಲು ಕೈಕಾಲಿನ ಆಟ ನೋಡಬೇಕಿಲ್ಲ. ಅದೇ ವರ್ಷ ಚಿತ್ರಕ್ಕೊಂದು, ಚಲನೆಗೊಂದು ಎಂದು ಎರಡು ಜಾಲಗಳನ್ನು ಜೋಡಿಸಿದ ವಿಧಾನ ಬಂತು. 2017ರ ಕೈನೆಟಿಕ್ಸ್ ಸಂಗ್ರಹ 400 ಕ್ರಿಯೆಗಳಿಗೆ ತಲಾ ಹತ್ತು ಸೆಕೆಂಡಿನ ತುಣುಕುಗಳನ್ನು ಒದಗಿಸಿತು.

ರಂಗಸ್ಥಳದಲ್ಲಿ ಹಿನ್ನೆಲೆ ಬೆಳಗಿನವರೆಗೂ ಒಂದೇ. ಅದೇ ಪುಂಡುವೇಷ (ತರುಣ ವೀರನ ಪಾತ್ರ) ಅದೇ ಜಾಗದಲ್ಲಿ ಒಮ್ಮೆ ಒಡ್ಡೋಲಗಕ್ಕೆ, ಅಂದರೆ ಪ್ರವೇಶದ ಕುಣಿತಕ್ಕೆ, ಕುಣಿಯುತ್ತದೆ, ಇನ್ನೊಮ್ಮೆ ಗಿರಗಿರನೆ ಸುತ್ತಿ ಹಾರುವ ಧಿಗಿಣ ಹಾಕುತ್ತದೆ, ಮತ್ತೊಮ್ಮೆ ನಿಂತು ಅರ್ಥ (ಪದ್ಯದ ಮೇಲಿನ ಮಾತು) ಹೇಳುತ್ತದೆ. ಆದ್ದರಿಂದ ಹತ್ತು ಸೆಕೆಂಡಿನ ತುಣುಕಿಗಿಂತ ಹಿಮ್ಮೇಳದ, ಅಂದರೆ ಹಾಡುವ ಭಾಗವತರ ಮತ್ತು ವಾದ್ಯದವರ, ಧ್ವನಿಯೇ ಇಲ್ಲಿ ಹೆಚ್ಚು ನಂಬಿಗಸ್ತ ಸುಳಿವು: ಚೆಂಡೆ ಏರಿದ್ದು, ಭಾಗವತರು ಪದ್ಯ ಎತ್ತಿದ್ದು, ವಾದ್ಯ ನಿಂತು ಮಾತು ಶುರುವಾದದ್ದು. ಇವಿಷ್ಟನ್ನೇ ಬೇರ್ಪಡಿಸಿದರೂ ರಾತ್ರಿಯ ಆಟದ ಸ್ಥೂಲ ಪರಿವಿಡಿ ಸಿದ್ಧವಾಗಬಹುದು.

2021ರಿಂದೀಚೆಗೆ ಚಿತ್ರವನ್ನೂ ಅದರ ವಿವರಣೆಯನ್ನೂ ಜೊತೆಯಾಗಿ ಕಲಿತ ಮಾದರಿಗಳು ಬಂದು, ಮೊದಲೇ ಗೊತ್ತುಪಡಿಸಿದ ವರ್ಗಗಳ ಹಂಗಿಲ್ಲದೆ ಮಾತಿನಲ್ಲೇ ಕೇಳಿ ಹುಡುಕುವುದು ಸಾಧ್ಯವಾಗಿದೆ. ಆದರೆ ಆ ವಿವರಣೆಗಳು ಬಹುಪಾಲು ಇಂಗ್ಲಿಷಿನವು. ಯಕ್ಷಗಾನದ ಎರಡು ಶೈಲಿಗಳಾದ ತೆಂಕುತಿಟ್ಟಿನ ಕಿರೀಟವನ್ನೂ ಬಡಗಿನ ಮುಂಡಾಸನ್ನೂ ಆ ಮಾದರಿಗಳು ಬೇರ್ಪಡಿಸಬೇಕಾದರೆ, ಕಲಾವಿದರೂ ಬಲ್ಲ ಪ್ರೇಕ್ಷಕರೂ ಕುಳಿತು ತುಣುಕು ತುಣುಕಿಗೆ ಹೆಸರು ಬರೆದುಕೊಡಬೇಕು. ತೆಂಕು, ಬಡಗುಗಳ ನಡುವೆ ಹೆಸರುಗಳೇ ಬೇರೆಯಾದಲ್ಲಿ ಎರಡನ್ನೂ ದಾಖಲಿಸಬೇಕು.