ಮಗಳು ಡೇಟಿಗೆ ಹೋದಳು, ಕ್ಯಾಮೆರಾ ಮನೆಯಲ್ಲೇ ಉಳಿಯಿತು

ಅಮೆರಿಕದ ಹಳೇ ಫ್ಯಾಮಿಲಿ ಸಿಟ್‌ಕಾಮ್‌ಗಳನ್ನು, ಅಂದರೆ ಒಂದು ಮನೆಯವರ ಸುತ್ತ ನಡೆಯುವ ಟಿವಿ ಹಾಸ್ಯ ಸರಣಿಗಳನ್ನು, ಮಾಧ್ಯಮ ಅಧ್ಯಯನಕ್ಕೆ ಅಥವಾ ಚಿತ್ರಕಥೆ ಕಲಿಯೋಕೆ ಅಂತ ನೋಡುತ್ತಿರುವವರಿಗೆ ಈ ಟಿಪ್ಪಣಿ. ವಿಷಯ ಒಂದೇ: ಹದಿಹರೆಯದ ಮಕ್ಕಳ ಡೇಟಿಂಗ್, ಅದರಿಂದ ಅಪ್ಪ ಅಮ್ಮನಿಗೆ ಹತ್ತುವ ಆತಂಕ. 1954ರಿಂದ 1992ರ ನಡುವಿನ ಕೆಲವೇ ಸರಣಿಗಳನ್ನು ಎತ್ತಿಕೊಂಡಿದ್ದೇನೆ. ಎಲ್ಲವನ್ನೂ ಮುಟ್ಟಲು ಹೋದರೆ ಬರೀ ಹೆಸರುಗಳ ಪಟ್ಟಿ ಆಗಿಬಿಡುತ್ತದೆ.

ಇವುಗಳನ್ನು ಸಾಲಾಗಿ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಇದು: ಡೇಟಿಂಗ್ ಕುರಿತ ಕಂತಿನಲ್ಲಿ ಡೇಟ್ ಕಾಣಿಸುವುದೇ ಕಡಿಮೆ. ಹುಡುಗ ಬೆಲ್ ಒತ್ತುತ್ತಾನೆ. ಅಪ್ಪ ಬಾಗಿಲು ತೆಗೆದು ಒಂದೆರಡು ಪ್ರಶ್ನೆ ಕೇಳುತ್ತಾನೆ. ಹುಡುಗಿ ಮೆಟ್ಟಿಲಿಳಿದು ಬರುತ್ತಾಳೆ. ಇಬ್ಬರೂ ಹೊರಡುತ್ತಾರೆ. ಕ್ಯಾಮೆರಾ ಮಾತ್ರ ಅಲ್ಲೇ ಸೋಫಾದ ಮುಂದೆ ನಿಂತಿರುತ್ತದೆ. ಅಪ್ಪ ಪೇಪರ್ ಹಿಡಿದು ಓದಿದ ಹಾಗೆ ಮಾಡುತ್ತಾನೆ, ಗಡಿಯಾರ ನೋಡುತ್ತಾನೆ, ಅಮ್ಮ ಸುಮ್ನಿರಿ ಅನ್ನುತ್ತಾಳೆ.

ಇದಕ್ಕೆ ಸರಳವಾದ ಕಾರಣ ಸೆಟ್ಟು. ಲಿವಿಂಗ್ ರೂಮು, ಅಡುಗೆಮನೆ, ಮಹಡಿಗೆ ಹೋಗುವ ಮೆಟ್ಟಿಲು, ಮುಂಬಾಗಿಲು: ಇಷ್ಟನ್ನು ಒಮ್ಮೆ ಕಟ್ಟಿದರೆ ವರ್ಷಗಟ್ಟಲೆ ಸಾಕು. ಪ್ರೇಕ್ಷಕರನ್ನು ಕೂರಿಸಿಕೊಂಡು ಮೂರು ನಾಲ್ಕು ಕ್ಯಾಮೆರಾ ಇಟ್ಟು ತೆಗೆಯುವ ಸರಣಿಗಳಲ್ಲಂತೂ ಹೊರಗೆ ಹೋಗುವುದೇ ತಾಪತ್ರಯ. ಹೀಗಾಗಿ ಮಗಳ ಪ್ರೇಮಕಥೆ ಅಂತ ಶುರುವಾದದ್ದು ಅಪ್ಪನ ಕಥೆಯಾಗಿ ತಿರುಗುತ್ತದೆ. ಆ ಸಂಜೆ ಹೊರಗೆ ಏನಾಯಿತು ಅನ್ನುವುದು ನೋಡುಗರಿಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ನಾವು ಅವನ ಜೊತೆಗೇ ಕಾಯುತ್ತೇವೆ.

ಹಾಗಾಗಿ ಈ ಕಂತುಗಳನ್ನು ನೋಡುವಾಗ ಒಂದೇ ಪ್ರಶ್ನೆ ಕೈಯಲ್ಲಿರಲಿ: ಮನೆಯಲ್ಲಿ ಯಾರಿಗೆ ಏನು ಯಾವಾಗ ಗೊತ್ತಾಗುತ್ತದೆ? ಸರಣಿಗಳು ಬದಲಾದ ದಾರಿ ಈ ಪ್ರಶ್ನೆಯಲ್ಲೇ ಸಿಗುತ್ತದೆ ಅನ್ನುವುದು ನನ್ನ ವಾದ.

ಎಲ್ಲ ಗೊತ್ತಿರುವ ಅಪ್ಪ

'ಫಾದರ್ ನೋಸ್ ಬೆಸ್ಟ್' 1949ರಲ್ಲಿ ರೇಡಿಯೊದಲ್ಲಿ ಶುರುವಾಗಿ 1954ರಲ್ಲಿ ಟಿವಿಗೆ ಬಂತು. ಇನ್ಶೂರೆನ್ಸ್ ಏಜೆಂಟ್ ಜಿಮ್ ಆಂಡರ್ಸನ್, ಹೆಂಡತಿ ಮಾರ್ಗರೆಟ್, ಮೂವರು ಮಕ್ಕಳು. ದೊಡ್ಡವಳು ಬೆಟ್ಟಿ. ಅಪ್ಪನ ಬಾಯಲ್ಲಿ ಅವಳು 'ಪ್ರಿನ್ಸೆಸ್'. ಮೊದಲು ಇದು ಭಾನುವಾರ ರಾತ್ರಿ 10ಕ್ಕೆ ಬರುತ್ತಿತ್ತು. ಮಕ್ಕಳೂ ನೋಡುವ ಹೊತ್ತಿಗೆ ಹಾಕಿ ಅಂತ ನೋಡುಗರು ಕೇಳಿಕೊಂಡರು. ಮುಂದೆ ಚಾನೆಲ್ಲೂ ಬದಲಾಯಿತು, ಹೊತ್ತೂ ಬದಲಾಯಿತು. ಇಡೀ ಮನೆ ಒಟ್ಟಿಗೆ ಕೂತು ನೋಡುವ ಕಾರ್ಯಕ್ರಮದಲ್ಲಿ ಮಗಳ ಡೇಟ್ ಬಗ್ಗೆ ಎಷ್ಟು ಮಾತಾಡಬಹುದು? ಅದರ ಮೇಲೆ 1952ರಿಂದ ಜಾರಿಯಲ್ಲಿದ್ದ ಪ್ರಸಾರಕರ ಸಂಘದ ಟೆಲಿವಿಷನ್ ಕೋಡ್ ಬೇರೆ ಇತ್ತು. ಮದುವೆಗೆ, ಮನೆತನಕ್ಕೆ ಗೌರವ ಇರಬೇಕು ಅಂತ ಅದು ಹೇಳುತ್ತಿತ್ತು. ಪ್ರಾಯೋಜಕರಿಗೂ ಗಲಾಟೆ ಬೇಡ.

ಇಲ್ಲಿ ನಮ್ಮಂಥವರು ತಪ್ಪು ತಿಳಿಯುವ ಜಾಗ ಒಂದಿದೆ. ಆ ಕಾಲದ ಅಮೆರಿಕನ್ ಅಪ್ಪನಿಗೆ ಮಗಳು ಹಲವು ಹುಡುಗರ ಜೊತೆ ಸುತ್ತುತ್ತಾಳೆ ಅಂತ ಭಯ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಉಲ್ಟಾ! ಒಬ್ಬನ ಜೊತೆಗೇ ಅಂಟಿಕೊಂಡುಬಿಟ್ಟಳಲ್ಲ ಅನ್ನುವುದೇ ಚಿಂತೆ. ಇದಕ್ಕೆ 'ಗೋಯಿಂಗ್ ಸ್ಟೆಡಿ' ಅನ್ನುತ್ತಿದ್ದರು. ಹುಡುಗ ತನ್ನ ಕ್ಲಾಸ್ ರಿಂಗನ್ನೋ (ಶಾಲೆಯ ಗುರುತಿನ ಉಂಗುರ) ಸ್ವೆಟರನ್ನೋ ಹುಡುಗಿಗೆ ಕೊಟ್ಟರೆ ಊರಿಗೆಲ್ಲ ಗೊತ್ತಾದ ಹಾಗೆ. ಯಾಕೆ ಚಿಂತೆ ಅಂದರೆ, 1956ರ ಹೊತ್ತಿಗೆ ಅಮೆರಿಕದಲ್ಲಿ ಹೆಣ್ಣುಮಕ್ಕಳ ಮೊದಲ ಮದುವೆಯ ಸರಾಸರಿ ವಯಸ್ಸು ಸುಮಾರು 20ಕ್ಕೆ ಇಳಿದಿತ್ತು. ಹೈಸ್ಕೂಲಿನಲ್ಲಿ ಸ್ಟೆಡಿ ಅಂದರೆ ಮುಂದಿನ ಮೆಟ್ಟಿಲು ಕಲ್ಯಾಣವೇ. ಸೆಕ್ಸ್ ಅನ್ನುವ ಮಾತನ್ನು ಟಿವಿಯಲ್ಲಿ ಆಡುವ ಹಾಗಿರಲಿಲ್ಲ. 'ಇನ್ನೂ ಚಿಕ್ಕವಳು, ಇಷ್ಟು ಬೇಗ ಬೇಡ' ಅನ್ನುವ ಮಾತು ಎರಡೂ ಭಯಗಳನ್ನು ಹೊತ್ತುಕೊಂಡು ಸಾಗುತ್ತಿತ್ತು.

ಜಿಮ್ ಆಂಡರ್ಸನ್ ತರಹದ ಅಪ್ಪನಿಗೆ ಮಾಹಿತಿಯ ಕೊರತೆ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಕಂತಿನ ನಡುವೆ ಒಮ್ಮೆ ಎಡವುತ್ತಾನೆ, ಹೆಂಡತಿ ತಿದ್ದುತ್ತಾಳೆ, ಕೊನೆಗೆ ಮಗಳೇ ಬಂದು ಎಲ್ಲ ಹೇಳಿಕೊಳ್ಳುತ್ತಾಳೆ. ಮಗ ಬಡ್‌ನ ಪಾತ್ರ ಮಾಡಿದ ಬಿಲ್ಲಿ ಗ್ರೇ ದೊಡ್ಡವರಾದ ಮೇಲೆ ಈ ಸರಣಿಯನ್ನು ಕಟುವಾಗಿಯೇ ಟೀಕಿಸಿದರು. ಅದು ತೋರಿಸಿದ ಮನೆ ನಿಜವಲ್ಲ, ಅದನ್ನು ನಂಬಿದವರಿಗೆ ಒಳ್ಳೆಯದಾಗಲಿಲ್ಲ ಅನ್ನುವುದು ಅವರ ದೂರು. ಒಪ್ಪಬಹುದು. ಆದರೂ ಮಗಳು ತಾನಾಗೇ ಬಂದು ಹೇಳುತ್ತಾಳೆ ಅನ್ನುವುದು ಎಲ್ಲ ಅಪ್ಪಂದಿರ ಕನಸೇ, ಅಲ್ವಾ? ಆ ಕನಸನ್ನೇ ಇದು ವಾರವಾರ ಮಾರಿತು.

'ದಿ ಬ್ರೇಡಿ ಬಂಚ್' (1969–74) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಪಾಠ ಕಲಿಸುವುದು ಅಪ್ಪ ಅಮ್ಮ ಅಲ್ಲ, ಒಂದು ಫುಟ್‌ಬಾಲು. 1973ರ ಪ್ರಸಿದ್ಧ ಕಂತಿನಲ್ಲಿ ದೊಡ್ಡ ಮಗಳು ಮಾರ್ಶಾ ಒಪ್ಪಿಕೊಂಡಿದ್ದ ಡೇಟನ್ನು 'ಏನೋ ಕೆಲಸ ಬಂತು' ಅಂತ ತಪ್ಪಿಸಿ, ಶಾಲೆಯ ಹೀರೋ ಜೊತೆ ಹೋಗಲು ಹೊರಡುತ್ತಾಳೆ. ಆಮೇಲೆ ಚೆಂಡು ಬಡಿದು ಮೂಗು ಊದಿಕೊಳ್ಳುತ್ತದೆ. ಆ ಹೀರೋ ಅದೇ ನೆಪ ಹೇಳಿ ಅವಳನ್ನು ಬಿಟ್ಟುಹೋಗುತ್ತಾನೆ. ತಮಾಷೆ ಚೆನ್ನಾಗಿದೆ. ಆತಂಕಕ್ಕೆ ಮಾತ್ರ ಜಾಗವೇ ಇಲ್ಲ.

ಒಬ್ಬಳೇ ಕಾಯುವ ಅಮ್ಮ

ನಿಜವಾದ ತಿರುವು 'ಒನ್ ಡೇ ಅಟ್ ಎ ಟೈಮ್'. 1975ರ ಡಿಸೆಂಬರ್‌ನಲ್ಲಿ ಶುರು, ಟಿವಿ ನಿರ್ಮಾಪಕ ನಾರ್ಮನ್ ಲಿಯರ್ ಬಳಗದ್ದು. ಹದಿನೇಳಕ್ಕೇ ಮದುವೆಯಾಗಿ, ಈಗ ವಿಚ್ಛೇದನ ಪಡೆದ ಆನ್ ರೊಮಾನೊ ಇಬ್ಬರು ಹೆಣ್ಣುಮಕ್ಕಳ ಜೊತೆ ಇಂಡಿಯಾನಾಪೊಲಿಸ್‌ನ ಅಪಾರ್ಟ್‌ಮೆಂಟ್‌ಗೆ ಬರುತ್ತಾಳೆ. ಹಿಂದಿನ ಸರಣಿಗಳ ಅಪ್ಪನ ಕೈಲಿ ಇದ್ದದ್ದು ಇವಳ ಕೈಲಿಲ್ಲ. ತಿದ್ದುವ ಜೊತೆಗಾರ ಇಲ್ಲ. 'ನಾನು ನಿನ್ನ ವಯಸ್ಸಿನಲ್ಲಿ ಹೀಗೆ ಮಾಡಲಿಲ್ಲ' ಅನ್ನುವ ಮಾತೂ ಇಲ್ಲ. ಆ ವಯಸ್ಸಿನಲ್ಲಿ ಅವಳು ಮದುವೆಯೇ ಆಗಿಬಿಟ್ಟಿದ್ದಳು.

1976ರಲ್ಲಿ ಎರಡನೇ ಸೀಸನ್ ಶುರುವಾಗುವುದೇ ದೊಡ್ಡ ಮಗಳು ಜೂಲಿ ತನ್ನ ಹುಡುಗ ಚಕ್ ಜೊತೆ ಮನೆ ಬಿಟ್ಟು ಹೋಗುವುದರಿಂದ. ನಾಲ್ಕು ಭಾಗಗಳ ಕಥೆ. ಇಲ್ಲಿ ಗಮನಿಸಿ: ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕಾಯುವಿಕೆ ಈಗ ವಾರಗಟ್ಟಲೆ ಹಿಗ್ಗಿತು. ತಾಯಿಯ ಜೊತೆ ನೋಡುಗರೂ ಮುಂದಿನ ವಾರದವರೆಗೆ ಕಾಯಬೇಕು. ವಾಪಸ್ ಬರಲು ಜೂಲಿ ತನ್ನದೇ ಷರತ್ತು ಹಾಕುತ್ತಾಳೆ, ಆನ್ ಒಪ್ಪುವುದಿಲ್ಲ. ಬರುವುದಾದರೆ ಈ ಮನೆಯ ಕಟ್ಟಳೆಗೆ ಒಪ್ಪಿ ಬಾ ಅನ್ನುತ್ತಾಳೆ. ಅತ್ತು ಕರೆಯುವ ತಾಯಿಯನ್ನು ಬರೆಯುವುದು ಸುಲಭವಿತ್ತು. ಮಗಳು ಕೈತಪ್ಪಿ ಹೋಗಬಹುದು ಅಂತ ಗೊತ್ತಿದ್ದೂ ಬಿಗಿ ಹಿಡಿಯುವ ತಾಯಿಯನ್ನು ಬರೆದದ್ದರಿಂದಲೇ ಇದು ಇವತ್ತಿಗೂ ನೋಡುವ ಹಾಗಿದೆ.

ಹಿನ್ನೆಲೆಗೆ ಒಂದು ವಿವರ. 1975ರಲ್ಲಿ ಮೂರೂ ದೊಡ್ಡ ನೆಟ್‌ವರ್ಕ್‌ಗಳು ಸಂಜೆಯ ಮೊದಲ ಹೊತ್ತನ್ನು 'ಫ್ಯಾಮಿಲಿ ವ್ಯೂವಿಂಗ್ ಅವರ್' ಅಂತ ಮೀಸಲಿಟ್ಟವು. ಸರ್ಕಾರದ ಪ್ರಸಾರ ಆಯೋಗದ ಒತ್ತಡ ಅದರ ಹಿಂದಿತ್ತು. ಲಿಯರ್ ಮತ್ತು ಬರಹಗಾರರ ಸಂಘ ಕೋರ್ಟಿಗೆ ಹೋದರು. 1976ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಆ ಒತ್ತಡ ಸಂವಿಧಾನಕ್ಕೆ ವಿರುದ್ಧ ಅಂದರು. ಯಾವ ಹೊತ್ತಿಗೆ ಯಾವ ಮಾತು ಅನ್ನುವ ಜಗಳ ಬರವಣಿಗೆಯ ಕೋಣೆಯ ಒಳಗೂ ನಡೆಯುತ್ತಿತ್ತು ಅಂತ ನೆನಪಿಟ್ಟುಕೊಂಡು ನೋಡಿ.

ಮನೆ ಬಿಟ್ಟು ಹೊರಟ ಅಪ್ಪ

'ಒನ್ ಡೇ ಅಟ್ ಎ ಟೈಮ್' ರೂಪಿಸಿದವರಲ್ಲಿ ಒಬ್ಬರು ನಟಿ ವಿಟ್ನಿ ಬ್ಲೇಕ್. ಅವರ ಮಗಳು ಮೆರಿಡಿತ್ ಬ್ಯಾಕ್ಸ್‌ಟರ್ 1982ರಲ್ಲಿ 'ಫ್ಯಾಮಿಲಿ ಟೈಸ್'ನ ಅಮ್ಮ ಎಲಿಸ್ ಕೀಟನ್ ಆದರು. ಒಳ್ಳೇ ಕೊಂಡಿ. ಎಲಿಸ್ ಮತ್ತು ಸ್ಟೀವನ್ ಅರವತ್ತರ ದಶಕದ ಹಿಪ್ಪಿಗಳು. ಮಗ ಅಲೆಕ್ಸ್ ಟೈ ಕಟ್ಟುವ, ಆಗಿನ ಸಂಪ್ರದಾಯವಾದಿ ಅಧ್ಯಕ್ಷ ರೇಗನ್ ಅಭಿಮಾನಿ ಹುಡುಗ.

ಮೊದಲ ಕಂತೇ ಡೇಟಿನ ಕಂತು. ಶ್ರೀಮಂತ ಹುಡುಗಿಯೊಬ್ಬಳು ಅಲೆಕ್ಸ್‌ನನ್ನು ಕ್ಲಬ್ಬಿಗೆ ಕರೆಯುತ್ತಾಳೆ. ಕೆಲವು ಜನಾಂಗದವರನ್ನು ಒಳಗೆ ಬಿಡದ ಕ್ಲಬ್ಬು ಅದು. ಹೋಗಬೇಡ ಅನ್ನುತ್ತಾನೆ ಅಪ್ಪ. ಮಗ ಹೋಗುತ್ತಾನೆ. ಆಗ ಸ್ಟೀವನ್ ಮಾಡುವ ಕೆಲಸ ನೋಡಿ: ಮನೆಯಲ್ಲಿ ಕೂತು ಕಾಯುವುದಿಲ್ಲ, ನೇರ ಕ್ಲಬ್ಬಿಗೇ ನುಗ್ಗುತ್ತಾನೆ. ಹುಡುಗಿ ಕೆಟ್ಟವಳು ಅಂತಲ್ಲ, ರಾತ್ರಿ ತಡವಾಯಿತು ಅಂತಲೂ ಅಲ್ಲ. ನಾನು ನಂಬಿದ್ದನ್ನು ನನ್ನ ಮಗ ನಂಬುತ್ತಿಲ್ಲವಲ್ಲ ಅನ್ನುವ ಸಂಕಟ. ಯಾವ ನಿಷೇಧವೂ ಬೇಡ ಅಂತ ಬೆಳೆದವರು ಮಗನಿಗೆ ನಿಷೇಧ ಹಾಕುವ ಮುಜುಗರವೇ ಇಲ್ಲಿನ ಹಾಸ್ಯ. 1985ರಲ್ಲಿ ಮಗಳು ಮ್ಯಾಲರಿಯ ಹುಡುಗ ನಿಕ್ ಬರುತ್ತಾನೆ. ಅವನು ಗುಜರಿ ಸಾಮಾನಿನಿಂದ ಕಲಾಕೃತಿ ಮಾಡುವವನು. ಸ್ವತಂತ್ರ ಕಲಾವಿದರನ್ನು ಮೆಚ್ಚಬೇಕಾಗಿದ್ದ ಸ್ಟೀವನ್‌ಗೆ ಅವನನ್ನು ಕಂಡರೆ ಆಗುವುದಿಲ್ಲ.

'ದಿ ಕಾಸ್ಬಿ ಷೋ' (1984–92) ಬಿಟ್ಟು ಈ ವಿಷಯ ಓದಲು ಆಗುವುದಿಲ್ಲ. ಆದರೆ ಅದರಲ್ಲಿ ಅಪ್ಪನ ಪಾತ್ರ ಮಾಡಿದ ಬಿಲ್ ಕಾಸ್ಬಿ ಮೇಲೆ ಹಲವು ಮಹಿಳೆಯರು ಲೈಂಗಿಕ ದೌರ್ಜನ್ಯದ ಆರೋಪ ಮಾಡಿದ್ದಾರೆ. 2018ರಲ್ಲಿ ಕೋರ್ಟು ಅವರನ್ನು ತಪ್ಪಿತಸ್ಥ ಅಂದಿತು. 2021ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಹೆಣ್ಣುಮಕ್ಕಳನ್ನು ಕಾಯುವ ಅಪ್ಪನಾಗಿ ಅವರನ್ನು ನೋಡುವುದು ನನಗಂತೂ ಕಷ್ಟ. ಪ್ರಬಂಧ ಬರೆಯುವವರು ಇದನ್ನು ಬದಿಗಿಡದೆ ಬರೆಯಿರಿ.

ನಮ್ಮ ಪ್ರಶ್ನೆಗೆ ಬೇಕಾದ್ದು ಒಂದೇ ದೃಶ್ಯ. ಕಾಲೇಜಿಗೆ ಹೋಗಿರುವ ಮಗಳು ವನೆಸ್ಸಾ ತನಗಿಂತ ತುಂಬಾ ದೊಡ್ಡವನಾದ ಡ್ಯಾಬ್ನಿಸ್‌ನನ್ನು ಕರೆತರುತ್ತಾಳೆ. ನಿಶ್ಚಿತಾರ್ಥ ಆಗಿ ಆರು ತಿಂಗಳಾಗಿದೆ, ಮನೆಗೆ ಹೇಳಿಲ್ಲ! ಅಪ್ಪ ಆ ಹುಡುಗನಿಗೆ ಇಷ್ಟದ ಊಟ ಏನು ಅಂತ ಕೇಳುತ್ತಾನೆ. ಅಷ್ಟು ರುಚಿಯಾದ ಊಟವನ್ನು ಕಸದ ಡಬ್ಬಿಯ ಮುಚ್ಚಳದಲ್ಲಿ ಬಡಿಸಿದರೆ ಹೇಗೆ? ನಿನ್ನನ್ನು ನಮ್ಮ ಮುಂದೆ ತಂದಿಟ್ಟದ್ದು ಹಾಗೆ ಅನ್ನುತ್ತಾನೆ. ಹುಡುಗನ ಮೇಲೆ ಸಿಟ್ಟಿಲ್ಲ. ಇಷ್ಟು ದಿನ ತನಗೆ ಗೊತ್ತೇ ಆಗಲಿಲ್ಲ ಅನ್ನುವುದು ನೋವು. ಎಲ್ಲ ಗೊತ್ತಿದ್ದ ಅಪ್ಪ ಈಗ ಏನೂ ಗೊತ್ತಿಲ್ಲದ ಅಪ್ಪ.

ಲ್ಯಾನ್‌ಫರ್ಡ್‌ನ ಮನೆ

ನನ್ನ ಮಟ್ಟಿಗೆ ಇಡೀ ಸಾಲಿನಲ್ಲಿ ಗಟ್ಟಿ ಬರವಣಿಗೆ 'ರೋಸಾನ್' (1988–97). ಇಲಿನಾಯ್‌ನ ಲ್ಯಾನ್‌ಫರ್ಡ್ ಅನ್ನುವ ಕಲ್ಪಿತ ಊರು. ದುಡಿದು ತಿನ್ನುವ ಮನೆ. ಮಗಳು ಬೆಕಿಗೆ ಮಾರ್ಕ್ ಅನ್ನುವ ಹುಡುಗ ಗಂಟುಬಿದ್ದಿದ್ದಾನೆ ಅನ್ನುವುದು ಅಪ್ಪ ಅಮ್ಮನ ಭಾವನೆ. 1991ರ ಒಂದು ಕಂತಿನಲ್ಲಿ ಬೆಕಿ ಗರ್ಭನಿರೋಧಕ ಮಾತ್ರೆ ಬೇಕು ಅನ್ನುತ್ತಾಳೆ. ಜಿಮ್ ಆಂಡರ್ಸನ್ ಕಾಲದಲ್ಲಿ 'ಇನ್ನೂ ಚಿಕ್ಕವಳು' ಅನ್ನುವ ಮಾತಿನೊಳಗೆ ಅಡಗಿದ್ದ ಭಯ ಇಲ್ಲಿ ಅದರ ಹೆಸರಿನಲ್ಲೇ ಬರುತ್ತದೆ.

ಮುಂದಿನದು ಇನ್ನೂ ಸೂಕ್ಷ್ಮ. ಅಪ್ಪ ಡ್ಯಾನ್ ಬೈಕ್ ಅಂಗಡಿ ತೆರೆದು, ಮಾರ್ಕ್‌ಗೆ ಅಲ್ಲೇ ಕೆಲಸ ಕೊಟ್ಟಿರುತ್ತಾನೆ. ಅಂಗಡಿ ಮುಚ್ಚುತ್ತದೆ. ಮಾರ್ಕ್‌ಗೆ ಮಿನಿಯಾಪೊಲಿಸ್‌ನಲ್ಲಿ ಕೆಲಸ ಸಿಗುತ್ತದೆ. 1992ರ ಸೆಪ್ಟೆಂಬರ್‌ನಲ್ಲಿ, ಐದನೇ ಸೀಸನ್ ಶುರುವಾದಾಗ, ಬೆಕಿ ಅವನನ್ನು ಮದುವೆಯಾಗಿ ಹೊರಟುಬಿಡುತ್ತಾಳೆ. ಮಗಳು ಮನೆ ಬಿಟ್ಟದ್ದಕ್ಕೆ ಡ್ಯಾನ್ ಯಾರನ್ನು ದೂರಬೇಕು? ಹುಡುಗನನ್ನು ಊರು ಬಿಡಿಸಿದ್ದು ತನ್ನದೇ ನಷ್ಟ. ಹಿಂದಿನ ಸರಣಿಗಳಲ್ಲಿ ಆತಂಕ ಮಕ್ಕಳ ಗುಣದ ಬಗ್ಗೆ ಇತ್ತು. ಇಲ್ಲಿ ಅದು ಬಾಡಿಗೆ, ಬಿಲ್ಲು, ಕೆಲಸದ ಲೆಕ್ಕದೊಳಗೆ ಸೇರಿಕೊಂಡಿದೆ. ಕೂರಿಸಿ ಮಾತಾಡಿದರೆ ಸರಿಹೋಗುವ ವಿಷಯವಲ್ಲ, ಡ್ಯಾನ್‌ನ ಸಿಟ್ಟೂ ಒಂದು ಕಂತಿಗೆ ಇಳಿಯುವುದಿಲ್ಲ.

ಹೊಸದಾಗಿ ಶುರು ಮಾಡುವವರು ಕಾಲಕ್ರಮದಲ್ಲಿ ನೋಡಬೇಕಿಲ್ಲ. 'ಫ್ಯಾಮಿಲಿ ಟೈಸ್'ನ ಮೊದಲ ಕಂತು ನೋಡಿ, ಆಮೇಲೆ 'ರೋಸಾನ್'ನ ಐದನೇ ಸೀಸನ್ನಿನ ಮೊದಲ ಎರಡು ಕಂತು. ಐವತ್ತರ ದಶಕದವನ್ನು ಕೊನೆಗೆ ಇಟ್ಟುಕೊಳ್ಳಿ. ನೋಡುತ್ತಾ ಎರಡು ಕಾಲಂ ಎಳೆದುಕೊಂಡು, ಒಂದರಲ್ಲಿ ಮಕ್ಕಳಿಗೆ ಗೊತ್ತಿರುವುದು, ಇನ್ನೊಂದರಲ್ಲಿ ಹೆತ್ತವರಿಗೆ ಗೊತ್ತಿರುವುದು ಬರೆಯಿರಿ. ಜಾಹೀರಾತಿಗೆ ಬಿಡುವಾಗುವ ಜಾಗದಲ್ಲಿ ಯಾವ ಕಾಲಂ ಉದ್ದ ಇದೆ ಅಂತ ಗುರುತು ಹಾಕಿ. ಪ್ರಬಂಧಕ್ಕೆ ಬೇಕಾದ ಸಾಮಗ್ರಿ ಅಷ್ಟರಲ್ಲೇ ಸಿಗುತ್ತದೆ.